ಫೆಬ್ರುವರಿ 28 ಮತ್ತು ವಿಜ್ಞಾನದ ಇತಿಹಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಗೋಡೆಪತ್ರಿಕೆ, ಬೆಳಗಿನ ಪ್ರಾರ್ಥನೆಯ ಹೊತ್ತಿನ ‘ಈ ದಿನದ ವಿಶೇಷ’, ವಿಜ್ಞಾನ ಸಂಘದ ಭಾಷಣ, ರಸಪ್ರಶ್ನೆ: ಫೆಬ್ರುವರಿ 28 ರಾಷ್ಟ್ರೀಯ ವಿಜ್ಞಾನ ದಿನವಾದ್ದರಿಂದ, ಆ ತಿಂಗಳ ಕೊನೆಯ ವಾರ ಬಂತೆಂದರೆ ಇವುಗಳಿಗಾಗಿ ಹುಡುಕಾಟ ಶುರುವಾಗುತ್ತದೆ. ವರ್ಷವರ್ಷವೂ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ತರಗತಿಯಲ್ಲಿ ಮಾಡಿ ತೋರಿಸಬಹುದಾದ ಮೂರು ಪ್ರಯೋಗಗಳ ಅಳತೆ, ಕ್ರಮ, ಕೆಡುವ ಕಾರಣಗಳೂ ಇವೆ.

ಫೆಬ್ರುವರಿ 28 ಸರ್ ಸಿ.ವಿ. ರಾಮನ್ ಅವರ ಹುಟ್ಟಿದ ದಿನವೇ?

ಅಲ್ಲ. ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯ ಹತ್ತಿರ. ತೀರಿಕೊಂಡದ್ದು 1970ರ ನವೆಂಬರ್ 21ರಂದು, ಬೆಂಗಳೂರಿನಲ್ಲಿ. ನೊಬೆಲ್ ಪ್ರಶಸ್ತಿ ಬಂದದ್ದು 1930ರಲ್ಲಿ, ಅದಕ್ಕೂ ಈ ದಿನಾಂಕಕ್ಕೂ ಸಂಬಂಧವಿಲ್ಲ. ಫೆಬ್ರುವರಿ 28 ಒಂದು ಪ್ರಯೋಗದ ದಿನ: ಚದುರಿದ ಬೆಳಕಿನ ಬಣ್ಣ ಬದಲಾಗುವ ‘ರಾಮನ್ ಪರಿಣಾಮ’ ಸ್ಪಷ್ಟವಾಗಿ ಕಂಡ ದಿನ. ಭಾಷಣ ಬರೆದುಕೊಡುವವರು ‘ರಾಮನ್ ಜಯಂತಿ’ ಎಂದು ಬರೆಯುವುದು ಈಗಲೂ ನಿಂತಿಲ್ಲ. ದಯವಿಟ್ಟು ತಿದ್ದಿಕೊಳ್ಳಿ.

1928ರ ಫೆಬ್ರುವರಿ 28ರಂದು ನಿಜಕ್ಕೂ ಏನು ನಡೆಯಿತು?

ಸ್ಥಳ: ಕಲ್ಕತ್ತಾದ ಬೌಬಜಾರ್ ಬೀದಿಯಲ್ಲಿದ್ದ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್. ರಾಮನ್ ಮತ್ತು ಅವರ ಶಿಷ್ಯ ಕೆ.ಎಸ್. ಕೃಷ್ಣನ್ ಅಷ್ಟು ಹೊತ್ತಿಗಾಗಲೇ ಹಲವು ವಾರಗಳಿಂದ ಒಂದೇ ವಿಷಯದ ಬೆನ್ನು ಹತ್ತಿದ್ದರು. 18 ಸೆಂ.ಮೀ. ಅಗಲದ ದೂರದರ್ಶಕದ ಮಸೂರದಿಂದ ಬಿಸಿಲನ್ನು ಒಟ್ಟುಮಾಡಿ, ಇನ್ನೊಂದು ಸಣ್ಣ ಮಸೂರದಿಂದ ಅದನ್ನು ಮತ್ತಷ್ಟು ಕಿರಿದುಗೊಳಿಸಿ, ದೂಳಿಲ್ಲದಂತೆ ಶುದ್ಧ ಮಾಡಿದ ದ್ರವದೊಳಕ್ಕೆ ಹಾಯಿಸುವುದು ಅವರ ಕ್ರಮ. ಬೆಳಕಿನ ದಾರಿಗೆ ನೀಲಿ-ನೇರಳೆ ಫಿಲ್ಟರ್ ಇಟ್ಟರೆ ದ್ರವದೊಳಕ್ಕೆ ಹೋಗುವುದು ನೀಲಿ-ನೇರಳೆ ಮಾತ್ರ. ಆ ಬಣ್ಣವನ್ನು ಪೂರ್ತಿ ತಡೆಯುವ ಹಳದಿ-ಹಸಿರು ಫಿಲ್ಟರನ್ನು ಕಣ್ಣಿನ ಮುಂದೆ ಹಿಡಿದು ಪಕ್ಕದಿಂದ ನೋಡಿದರೆ ಏನೂ ಕಾಣಬಾರದು. ಆದರೆ ಮಂಕಾದ ಒಂದು ಗೆರೆ ಕಾಣುತ್ತಿತ್ತು. ಸುಮಾರು 60 ದ್ರವಗಳಲ್ಲಿ ನೋಡಿದರು, ಎಲ್ಲದರಲ್ಲೂ ಹೆಚ್ಚು ಕಡಿಮೆ ಕಂಡಿತು. ಈ ಹಂತದ ವರದಿಯನ್ನು ಅವರಿಬ್ಬರೂ ಫೆಬ್ರುವರಿ 16ರಂದೇ ‘ನೇಚರ್’ ಪತ್ರಿಕೆಗೆ ಬರೆದಿದ್ದರು.

28ರ ಮಧ್ಯಾಹ್ನ ಮಾಡಿದ ಬದಲಾವಣೆ ಚಿಕ್ಕದು. ನೀಲಿ-ನೇರಳೆ ಫಿಲ್ಟರ್ ಜೊತೆಗೆ ಯುರೇನಿಯಂ ಗಾಜನ್ನೂ ಇಟ್ಟರು. ಇದರಿಂದ ಒಳಹೋಗುವ ಬೆಳಕಿನ ಪಟ್ಟಿ ಇನ್ನೂ ಕಿರಿದಾಯಿತು. ಆಮೇಲೆ ದ್ರವದೊಳಗಿನ ಬೆಳಕಿನ ಜಾಡನ್ನು ಬರಿಗಣ್ಣಿನ ಬದಲು ಕೈಯಲ್ಲಿ ಹಿಡಿಯುವ ರೋಹಿತದರ್ಶಕದಲ್ಲಿ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಉಪಕರಣ) ನೋಡಿದರು. ಒಳಹೋದ ಬಣ್ಣ ಒಂದು ಕಡೆ, ಹೊಸ ಬಣ್ಣ ಇನ್ನೊಂದು ಕಡೆ, ನಡುವೆ ಸ್ಪಷ್ಟವಾದ ಕತ್ತಲ ಪಟ್ಟಿ. ಕೃಷ್ಣನ್ ಅವರ ದಿನಚರಿಯಲ್ಲಿ ಅಂದಿನ ತಾರೀಖಿಗೆ ಇರುವುದು ಇದೇ. ಆ ಕತ್ತಲ ಪಟ್ಟಿಯೇ ಮುಖ್ಯ. ಅದಿಲ್ಲದಿದ್ದರೆ ಫಿಲ್ಟರ್‌ನಿಂದ ಸೋರಿದ ಬೆಳಕು ಎಂದೋ, ಪ್ರತಿದೀಪ್ತಿ (ವಸ್ತು ಬೆಳಕನ್ನು ಹೀರಿಕೊಂಡು ಬೇರೆ ಬಣ್ಣದ ಬೆಳಕನ್ನು ಹೊರಸೂಸುವುದು) ಎಂದೋ ಯಾರಾದರೂ ತಳ್ಳಿಹಾಕಬಹುದಿತ್ತು.

ಮಾರನೆಯ ದಿನ ಸುದ್ದಿಸಂಸ್ಥೆಗೆ ತಿಳಿಸಿದರು. 1928 ಅಧಿಕ ವರ್ಷ, ಹಾಗಾಗಿ ಆ ಮಾರನೆಯ ದಿನ ಫೆಬ್ರುವರಿ 29. ಕೆಲವು ಪುಸ್ತಕಗಳಲ್ಲಿ 29 ಎಂದಿರುವುದಕ್ಕೆ ಇದೇ ಕಾರಣ. ಆಮೇಲೆ ಬಿಸಿಲಿನ ಬದಲು ಪಾದರಸದ ದೀಪ ಬಳಸಿದಾಗ ಹೊಸ ಬಣ್ಣಗಳು ಚೂಪಾದ ಗೆರೆಗಳಾಗಿಯೇ ಕಂಡವು.

ಹಡಗಿನಲ್ಲಿ ಸಮುದ್ರದ ನೀಲಿ ನೋಡಿದಾಗಲೇ ರಾಮನ್ ಪರಿಣಾಮ ಹೊಳೆಯಿತಂತೆ, ನಿಜವೇ?

ಎರಡು ಘಟನೆಗಳನ್ನು ಒಂದು ಮಾಡಿದ ಕತೆ ಇದು. ಇಂಗ್ಲೆಂಡಿಗೆ ಹೋಗಿದ್ದ ರಾಮನ್ 1921ರಲ್ಲಿ ‘ನರ್ಕುಂಡಾ’ ಹಡಗಿನಲ್ಲಿ ವಾಪಸಾಗುವಾಗ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ನಿಕೋಲ್ ಪ್ರಿಸಂ ಹಿಡಿದು, ನೀರಿನ ಮೇಲಿನಿಂದ ಪ್ರತಿಫಲಿಸುವ ಆಕಾಶದ ಬೆಳಕನ್ನು ಕತ್ತರಿಸಿ ಸಮುದ್ರವನ್ನು ನೋಡಿದರು. ಪ್ರತಿಫಲನ ಹೋದ ಮೇಲೂ ನೀಲಿ ಉಳಿದಿತ್ತು, ಇನ್ನೂ ಗಾಢವಾಗಿತ್ತು. ಸಮುದ್ರದ ನೀಲಿ ಬರೀ ಆಕಾಶದ ಪ್ರತಿಬಿಂಬ ಎಂಬ ಬ್ರಿಟಿಷ್ ಭೌತವಿಜ್ಞಾನಿ ರ‍್ಯಾಲೆಯವರ ಮಾತು ಸರಿಯಲ್ಲವೆಂದು ‘ನೇಚರ್’ಗೆ ಬರೆದರು. ನೀರಿನ ಅಣುಗಳು ಬೆಳಕನ್ನು ಚದುರಿಸುವುದರ ಅಧ್ಯಯನ ಅಲ್ಲಿಂದ ಶುರುವಾಯಿತು. (ಸಮುದ್ರದ ನೀಲಿಗೆ ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ದೊಡ್ಡ ಕಾರಣ ಎಂಬುದು ಈಗ ತಿಳಿದ ಸಂಗತಿ.)

ಅಲ್ಲಿಂದ 1928ಕ್ಕೆ ಆರೂವರೆ ವರ್ಷ. 1923ರಲ್ಲಿ ರಾಮನ್ ಅವರ ಶಿಷ್ಯ ಕೆ.ಆರ್. ರಾಮನಾಥನ್ ಶುದ್ಧ ದ್ರವಗಳಲ್ಲಿ ಬಣ್ಣ ಬದಲಾದ ಮಂಕು ಬೆಳಕನ್ನು ಕಂಡರು. ಕೊಳೆ ಉಳಿದು ಪ್ರತಿದೀಪ್ತಿ ಆಗುತ್ತಿರಬಹುದೆಂದು ಮತ್ತೆ ಮತ್ತೆ ಬಟ್ಟಿ ಇಳಿಸಿದರೂ ಅದು ಹೋಗಲಿಲ್ಲ. 1928ರ ಆರಂಭದ ಹೊತ್ತಿಗೆ ಅದೇ ಪ್ರಯೋಗಾಲಯದ ಎಸ್. ವೆಂಕಟೇಶ್ವರನ್ ಶುದ್ಧ ಗ್ಲಿಸರಿನ್‌ನಲ್ಲಿ ನೀಲಿಯ ಬದಲು ಹಸಿರು ಛಾಯೆಯ ಬೆಳಕು ಕಂಡದ್ದು ಮಹತ್ವದ ಸುಳಿವಾಯಿತು. ಈ ಹೆಸರುಗಳನ್ನು ಬಿಟ್ಟು ಹಡಗಿನ ಕತೆಯನ್ನಷ್ಟೇ ಹೇಳಿದರೆ ಮಕ್ಕಳಿಗೆ ಸಂಶೋಧನೆ ಎಂದರೆ ಮಿಂಚು ಹೊಡೆದ ಹಾಗೆ ಎಂಬ ತಪ್ಪು ಕಲ್ಪನೆ ಬರುತ್ತದೆ.

ರಾಮನ್ ಪರಿಣಾಮವನ್ನು ಹೈಸ್ಕೂಲ್ ಮಕ್ಕಳಿಗೆ ಹೇಗೆ ಹೇಳುವುದು?

ಅಣುವಿನೊಳಗಿನ ಪರಮಾಣುಗಳು ಸುಮ್ಮನಿರುವುದಿಲ್ಲ, ತಮ್ಮದೇ ನಿಶ್ಚಿತ ಆವೃತ್ತಿಗಳಲ್ಲಿ ಕಂಪಿಸುತ್ತವೆ. ಅಣುವಿಗೆ ತಾಗಿ ಚದುರುವ ಬೆಳಕಿನ ಹೆಚ್ಚಿನ ಪಾಲು ಬಂದ ಬಣ್ಣದಲ್ಲೇ ಹೋಗುತ್ತದೆ. ಬಹಳ ಅಪರೂಪಕ್ಕೆ, ಸುಮಾರು ಕೋಟಿಗೊಂದು ಫೋಟಾನ್ (ಬೆಳಕಿನ ಕಣ), ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಕಂಪನಕ್ಕೆ ಕೊಟ್ಟು ಹೋಗುತ್ತದೆ. ಶಕ್ತಿ ಕಡಿಮೆಯಾದರೆ ತರಂಗಾಂತರ ಹೆಚ್ಚುತ್ತದೆ, ಬಣ್ಣ ಕೆಂಪಿನ ಕಡೆಗೆ ಸರಿಯುತ್ತದೆ. ಮೊದಲೇ ಕಂಪಿಸುತ್ತಿರುವ ಅಣುವಿನಿಂದ ಶಕ್ತಿ ಪಡೆದು ನೀಲಿಯ ಕಡೆಗೆ ಸರಿಯುವುದೂ ಉಂಟು, ಅದು ಇನ್ನೂ ಮಂಕು.

ಲೆಕ್ಕ ಹಾಕಿ ತೋರಿಸಿದರೆ ಚೆನ್ನಾಗಿ ನಾಟುತ್ತದೆ. ಪಾದರಸ ದೀಪದ ನೀಲಿ ಗೆರೆ 435.8 ನ್ಯಾನೊಮೀಟರ್. ಇದನ್ನು ‘ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆಗಳು’ ಎಂಬ ಲೆಕ್ಕಕ್ಕೆ ತಂದರೆ ಸುಮಾರು 22,946. ಬೆಂಜೀನ್ ಉಂಗುರದ ಒಂದು ಮುಖ್ಯ ಕಂಪನ 992. ಕಳೆದರೆ 21,954; ಅದನ್ನು ತಿರುಗಿಸಿದರೆ 455.5 ನ್ಯಾನೊಮೀಟರ್. ಬೆಂಜೀನ್ ಮೇಲೆ ನೀಲಿ ಗೆರೆ ಹಾಯಿಸಿದಾಗ ಹೊಸ ಗೆರೆ ಕಾಣುವುದು ಅಲ್ಲೇ. ಅದೇ ಬೆಂಜೀನ್‌ಗೆ 532 ನ್ಯಾನೊಮೀಟರಿನ ಹಸಿರು ಲೇಸರ್ ಹಾಯಿಸಿದರೆ ಹೊಸ ಗೆರೆ 561.6ರಲ್ಲಿ ಬರುತ್ತದೆ. ಒಳಹೋಗುವ ಬಣ್ಣ ಯಾವುದಾದರೂ 992ರ ಅಂತರ ಮಾತ್ರ ಬದಲಾಗುವುದಿಲ್ಲ. ಅದು ಬೆಂಜೀನ್‌ನ ಗುರುತು. ಔಷಧ ಕಾರ್ಖಾನೆಯಲ್ಲಿ ಡಬ್ಬಿ ತೆರೆಯದೆ ಕಚ್ಚಾವಸ್ತು ಪರೀಕ್ಷಿಸುವುದು, ಅಸಲಿ ವಜ್ರ ಪತ್ತೆ (ಅದರ ಗುರುತು 1,332), ಮಂಗಳನ ಮೇಲೆ ಪರ್ಸಿವಿಯರೆನ್ಸ್ ಗಾಡಿ ಕಲ್ಲುಗಳ ಖನಿಜ ಹುಡುಕುವುದು, ಇವೆಲ್ಲಕ್ಕೂ ಈ ಅಂತರವೇ ಆಧಾರ.

ರಷ್ಯದವರು ಒಂದು ವಾರ ಮೊದಲೇ ಕಂಡಿದ್ದರಂತೆ?

ಹೌದು. ಮಾಸ್ಕೊದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ಸ್ಫಟಿಕಶಿಲೆಯ ಹರಳುಗಳಲ್ಲಿ ಇದೇ ವಿದ್ಯಮಾನವನ್ನು 1928ರ ಫೆಬ್ರುವರಿ 21ರಂದು ಕಂಡರು. ಇದು ಅವರ ಸ್ವತಂತ್ರ ಶೋಧ. ಅವರ ಬರಹ ಅಚ್ಚಾದದ್ದು ಜುಲೈನಲ್ಲಿ. ರಾಮನ್-ಕೃಷ್ಣನ್ ಅವರ ಮೊದಲ ಬರಹ ಮಾರ್ಚ್ 31ಕ್ಕೇ ‘ನೇಚರ್’ನಲ್ಲಿ ಬಂದಿತ್ತು, ತರಂಗಾಂತರ ಬದಲಾಗುವುದನ್ನು ಹೇಳಿದ ರಾಮನ್ ಅವರ ಬರಹ ಏಪ್ರಿಲ್ 21ಕ್ಕೆ. ರಷ್ಯನ್ ಪುಸ್ತಕಗಳಲ್ಲಿ ಇಂದಿಗೂ ಇದನ್ನು ರಾಮನ್ ಹೆಸರಿಲ್ಲದೆ ‘ಸಂಯೋಜಿತ ಚದುರುವಿಕೆ’ ಎಂಬರ್ಥದ ಪದದಿಂದ ಕರೆಯುತ್ತಾರೆ. ಇಂಥದೊಂದು ಚದುರುವಿಕೆ ಇರಬೇಕೆಂದು ಆಸ್ಟ್ರಿಯದ ಸ್ಮೆಕಲ್ 1923ರಲ್ಲೇ ಸಿದ್ಧಾಂತದಿಂದ ಹೇಳಿದ್ದರು. ವೇದಿಕೆಯ ಮೇಲೆ ಇದನ್ನೂ ಹೇಳಿ. ರಾಮನ್ ಅವರ ಹಿರಿಮೆ ಇದರಿಂದ ಕಡಿಮೆಯಾಗುವುದಿಲ್ಲ.

ಬೆಂಗಳೂರಿಗೂ ಈ ಶೋಧಕ್ಕೂ ಇರುವ ನಂಟು ರಾಮನ್ ಆಮೇಲೆ ಇಲ್ಲಿಗೆ ಬಂದರು ಎನ್ನುವಷ್ಟೇನಾ?

ಅದಕ್ಕಿಂತ ಹೆಚ್ಚಿನದು. ಶೋಧದ ಮೊದಲ ವಿವರವಾದ ಉಪನ್ಯಾಸ ನಡೆದದ್ದೇ ಬೆಂಗಳೂರಿನಲ್ಲಿ. 1928ರ ಮಾರ್ಚ್ 16, ಶುಕ್ರವಾರ, ಸೆಂಟ್ರಲ್ ಕಾಲೇಜಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನಾ ಭಾಷಣವಾಗಿ ರಾಮನ್ ‘ಹೊಸದೊಂದು ವಿಕಿರಣ’ ಎಂಬ ವಿಷಯ ಮಂಡಿಸಿದರು. ಮಾರ್ಚ್ 31ರ ತಾರೀಖಿನಲ್ಲಿ ಅದು ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಅಚ್ಚಾಯಿತು. ಕರ್ನಾಟಕದ ಶಾಲೆ-ಕಾಲೇಜುಗಳು ಮಾರ್ಚ್ 16ನ್ನೂ ನೆನಪಿಟ್ಟುಕೊಳ್ಳಬೇಕು.

ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು, ಆ ಹುದ್ದೆಗೆ ಬಂದ ಮೊದಲ ಭಾರತೀಯ. 1934ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, 1948ರಲ್ಲಿ ಮೈಸೂರು ಸಂಸ್ಥಾನ ಕೊಟ್ಟ ಜಾಗದಲ್ಲಿ ರಾಮನ್ ಸಂಶೋಧನಾ ಸಂಸ್ಥೆ. ಅವರ ಅಂತ್ಯಸಂಸ್ಕಾರವೂ ಆ ಸಂಸ್ಥೆಯ ಆವರಣದಲ್ಲೇ ನಡೆಯಿತು.

ಹಸಿರು ಲೇಸರ್ ಪಾಯಿಂಟರನ್ನು ಆಲಿವ್ ಎಣ್ಣೆಗೆ ಹಾಯಿಸಿ ‘ರಾಮನ್ ಪರಿಣಾಮ’ ತೋರಿಸುವ ವಿಡಿಯೊಗಳಿವೆ. ಮಾಡಬಹುದೇ?

ಅದು ರಾಮನ್ ಪರಿಣಾಮವಲ್ಲ. ಎಣ್ಣೆಯೊಳಗೆ ಹಸಿರು ಕಿರಣ ಕಿತ್ತಳೆ-ಕೆಂಪಾಗಿ ಕಾಣುವುದಕ್ಕೆ ಮುಖ್ಯ ಕಾರಣ ಎಣ್ಣೆಯಲ್ಲಿ ಉಳಿದ ಪತ್ರಹರಿತ್ತಿನ ಪ್ರತಿದೀಪ್ತಿ. ಟಾನಿಕ್ ವಾಟರ್ ನೇರಳೆ ಬೆಳಕಿಗೆ ನೀಲಿಯಾಗಿ ಹೊಳೆಯುವುದೂ ಪ್ರತಿದೀಪ್ತಿಯೇ, ಅಲ್ಲಿ ಕ್ವಿನೈನ್ ಕೆಲಸ ಮಾಡುತ್ತದೆ. ಪರೀಕ್ಷಿಸುವ ದಾರಿ ಸುಲಭ: ಲೇಸರಿನ ಬಣ್ಣ ಬದಲಾಯಿಸಿ. ಹೊರಬರುವ ಬಣ್ಣ ಇದ್ದಲ್ಲೇ ಇದ್ದರೆ ಪ್ರತಿದೀಪ್ತಿ, ಲೇಸರಿನ ಜೊತೆಜೊತೆಗೆ ಸರಿದರೆ ರಾಮನ್. 1923ರಿಂದ 1928ರವರೆಗೆ ಕಲ್ಕತ್ತಾದಲ್ಲಿ ಬಿಡಿಸಬೇಕಾಗಿದ್ದ ಗಂಟೂ ಇದೇ ಆಗಿತ್ತು. ಆದ್ದರಿಂದ ಆಲಿವ್ ಎಣ್ಣೆಯನ್ನು ‘ಇದು ರಾಮನ್ ಪರಿಣಾಮ ಅಲ್ಲ, ಯಾಕೆ?’ ಎಂದು ಕೇಳಲು ಬಳಸಿದರೆ ಒಳ್ಳೆಯ ಪಾಠವಾಗುತ್ತದೆ.

ಸುರಕ್ಷತೆ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಬೀದಿಬದಿಯಲ್ಲಿ ಸಿಗುವ ಹಸಿರು ಪಾಯಿಂಟರ್‌ಗಳಲ್ಲಿ ಚೀಟಿಯ ಮೇಲೆ 5 ಮಿಲಿವಾಟ್ ಎಂದಿದ್ದರೂ ಒಳಗೆ ಅದಕ್ಕಿಂತ ಬಹಳ ಹೆಚ್ಚಿರಬಹುದು. ಅಗ್ಗದವುಗಳಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ತಡೆಯುವ ಫಿಲ್ಟರೂ ಇರುವುದಿಲ್ಲ. ಅದು ಕಣ್ಣಿಗೆ ಕಾಣದೆಯೇ ಅಕ್ಷಿಪಟಲವನ್ನು ಸುಡುತ್ತದೆ. ಗಾಜಿನ ಲೋಟದಿಂದ ಪ್ರತಿಫಲಿಸುವ ಕಿರಣವೂ ಅಪಾಯವೇ. ತರಗತಿಗೆ 1 ಮಿಲಿವಾಟ್ ಒಳಗಿನ ‘ಕ್ಲಾಸ್ 2’ ಲೇಸರ್ ಸಾಕು. ಮಕ್ಕಳ ಕೈಗೆ ಕೊಡಬೇಡಿ.

ಹಾಗಾದರೆ ಆ ದಿನಕ್ಕೆ ಹೊಂದುವ, ಕಡಿಮೆ ಖರ್ಚಿನ ಪ್ರಯೋಗ ಯಾವುದು?

ಸಿಡಿಯಿಂದ ಮಾಡುವ ರೋಹಿತದರ್ಶಕ. 28ರಂದು ನಿರ್ಣಯ ಕೊಟ್ಟ ಉಪಕರಣವೇ ರೋಹಿತದರ್ಶಕವಾದ್ದರಿಂದ ಇದಕ್ಕಿಂತ ಸರಿಯಾದದ್ದಿಲ್ಲ. ಇದರಲ್ಲಿ ರಾಮನ್ ಗೆರೆ ಕಾಣುವುದಿಲ್ಲ, ಅಷ್ಟು ಮಂಕು ಬೆಳಕಿಗೆ ಇದು ಸಾಲದು. ಆದರೆ ರಾಮನ್ ಬಳಸಿದ ಪಾದರಸದ 435.8ರ ಗೆರೆಯನ್ನೇ ಮಕ್ಕಳು ಕಣ್ಣಾರೆ ನೋಡಬಹುದು.

ಬೇಕಾದದ್ದು: 20–25 ಸೆಂ.ಮೀ. ಉದ್ದದ ರಟ್ಟಿನ ಡಬ್ಬಿ, ಹಳೆಯ ಸಿಡಿ, ಎರಡು ಬ್ಲೇಡು, ಕಪ್ಪು ಕಾಗದ, ಟೇಪು. ಡಬ್ಬಿಯ ಒಳಗೆಲ್ಲ ಕಪ್ಪು ಕಾಗದ ಅಂಟಿಸಿ. ಒಂದು ತುದಿಯಲ್ಲಿ ಸಣ್ಣ ಕಿಂಡಿ ಕೊರೆದು, ಅದರ ಮೇಲೆ ಎರಡು ಬ್ಲೇಡುಗಳ ಅಂಚು ಎದುರುಬದುರಾಗಿ, ನಡುವೆ 0.2–0.3 ಮಿ.ಮೀ. ಬಿಡುವಂತೆ ಅಡ್ಡಡ್ಡಲಾಗಿ ಅಂಟಿಸಿ. ಎರಡು ಪದರ ಕಾಗದವನ್ನು ನಡುವೆ ಇಟ್ಟು ಅಂಟಿಸಿ ಆಮೇಲೆ ಎಳೆದರೆ ಅಳತೆ ಸರಿಯಾಗಿ ಬರುತ್ತದೆ. ಇನ್ನೊಂದು ತುದಿಯಲ್ಲಿ ಸಿಡಿಯ ತುಂಡನ್ನು, ಹೊಳೆಯುವ ಮುಖ ಕಿಂಡಿಯ ಕಡೆಗಿರುವಂತೆ, ತಳಕ್ಕೆ ಸುಮಾರು 60 ಡಿಗ್ರಿ ಓರೆಯಾಗಿ ನಿಲ್ಲಿಸಿ. ಸಿಡಿಯ ನೇರ ಮೇಲೆ ಮುಚ್ಚಳದಲ್ಲಿ 1 ಸೆಂ.ಮೀ. ತೂತು ಮಾಡಿ ಅಲ್ಲಿಂದ ಕೆಳಕ್ಕೆ ನೋಡಿ. ಕಿಂಡಿಯನ್ನು ಉರಿಯುವ ಟ್ಯೂಬ್‌ಲೈಟ್ ಅಥವಾ ಸಿಎಫ್‌ಎಲ್ ಕಡೆಗೆ ಹಿಡಿಯಿರಿ.

ಕಾಣಬೇಕಾದದ್ದು: ನೀಲಿ-ನೇರಳೆಯಲ್ಲಿ ಒಂದು ಚೂಪಾದ ಗೆರೆ (435.8), ಹಸಿರಿನಲ್ಲಿ ಇನ್ನೊಂದು (546.1). ಇವೆರಡು ಪಾದರಸದವು. ಸಿಎಫ್‌ಎಲ್‌ನ ಕೆಂಪು ಗೆರೆ (ಸುಮಾರು 611) ಒಳಗೋಡೆಗೆ ಬಳಿದ ಪುಡಿಯಲ್ಲಿರುವ ಯುರೋಪಿಯಂನದು.

ಕೆಡುವುದು ಎಲ್ಲಿ? ಗೆರೆಗಳು ಕಲಸಿಕೊಂಡಂತೆ ಕಂಡರೆ ಕಿಂಡಿ ಅಗಲವಾಗಿದೆ. ಬಣ್ಣಗಳು ಡೊಂಕಾಗಿ ಬಂದರೆ ಕಿಂಡಿಯೂ ಸಿಡಿಯ ಗೀರುಗಳೂ ಒಂದಕ್ಕೊಂದು ಸಮಾಂತರವಾಗಿಲ್ಲ. ಸಿಡಿಯನ್ನು ಸ್ವಲ್ಪ ತಿರುಗಿಸಿ. ಗೆರೆಗಳೇ ಇಲ್ಲದೆ ಬಣ್ಣದ ಪಟ್ಟಿ ಮಾತ್ರ ಬಂದರೆ ನೀವು ನೋಡುತ್ತಿರುವುದು ಎಲ್‌ಇಡಿ ದೀಪ, ಅದರಲ್ಲಿ ಪಾದರಸವಿಲ್ಲ. ಈಗ ಹೆಚ್ಚಿನ ಮನೆಗಳಲ್ಲಿ ಎಲ್‌ಇಡಿಯೇ ಇರುವುದರಿಂದ ಒಂದು ಹಳೆಯ ಸಿಎಫ್‌ಎಲ್ ಮೊದಲೇ ಹುಡುಕಿಟ್ಟುಕೊಳ್ಳಿ. ಒಡೆದರೆ ಕಿಟಕಿ ತೆರೆದು, ಬರಿಗೈಯಲ್ಲಿ ಮುಟ್ಟದೆ, ಚೂರುಗಳನ್ನು ಕಟ್ಟಿ ಬೇರೆ ಇಡಿ. ಸಿಡಿ ಬದಲು ಡಿವಿಡಿ ಬಳಸಿದರೆ ಬಣ್ಣಗಳು ಇನ್ನೂ ದೂರ ದೂರ ಬರುತ್ತವೆ. ಸಿಡಿಯ ಗೀರುಗಳ ಅಂತರ 1.6 ಮೈಕ್ರೊಮೀಟರ್, ಡಿವಿಡಿಯದು 0.74. ಸೂರ್ಯನ ಕಡೆಗೆ ಮಾತ್ರ ಇದನ್ನು ಹಿಡಿಯಲೇಬಾರದು. ಬಿಳಿ ಗೋಡೆಯ ಮೇಲೆ ಬಿದ್ದ ಬಿಸಿಲನ್ನು ನೋಡಿದರೆ ಸಾಕು.

ಪ್ರಾಥಮಿಕ ಶಾಲೆಗೆ ಇನ್ನೂ ಸುಲಭದ್ದು ಏನಾದರೂ?

ಹಾಲು-ನೀರಿನ ಆಕಾಶ. 2 ಲೀಟರ್ ನೀರಿಗೆ ಕೆನೆ ತೆಗೆದ ಹಾಲನ್ನು ಹನಿಹನಿಯಾಗಿ ಹಾಕಿ ಕಲಕುತ್ತ ಹೋಗಿ, ಅರ್ಧ ಚಮಚದೊಳಗೇ ನಿಲ್ಲಿಸಿ. ಕತ್ತಲ ಕೋಣೆಯಲ್ಲಿ ಗಾಜಿನ ಪಾತ್ರೆಯ ಒಂದು ಬದಿಯಿಂದ ಟಾರ್ಚ್ ಹಾಯಿಸಿ. ಪಕ್ಕದಿಂದ ನೋಡಿದರೆ ತಿಳಿನೀಲಿ, ಎದುರಿನಿಂದ ಟಾರ್ಚನ್ನೇ ನೋಡಿದರೆ ಹಳದಿ-ಕಿತ್ತಳೆ. ಹಾಲು ಹೆಚ್ಚಾದರೆ ಬೆಳಕು ಮತ್ತೆ ಮತ್ತೆ ಚದುರಿ ಎಲ್ಲವೂ ಬಿಳಿಯಾಗುತ್ತದೆ, ಆಗ ಅರ್ಧ ಚೆಲ್ಲಿ ನೀರು ಬೆರೆಸಿ. ಗಟ್ಟಿ ಹಾಲಿನ ಕೊಬ್ಬಿನ ಗುಳಿಗೆಗಳು ದೊಡ್ಡವಾದ್ದರಿಂದ ನೀಲಿ ಚೆನ್ನಾಗಿ ಬರುವುದಿಲ್ಲ. ಇಲ್ಲಿ ಹೊಸ ಬಣ್ಣ ಹುಟ್ಟುವುದಿಲ್ಲ, ಇರುವ ಬಣ್ಣಗಳು ಬೇರೆಯಾಗುತ್ತವೆ. ರಾಮನ್ ಕಂಡದ್ದು ಇದಕ್ಕಿಂತ ಭಿನ್ನ ಎಂದು ಹೇಳಲು ಮರೆಯಬೇಡಿ.

ಡಿಎನ್‌ಎ ರಚನೆ ಗೊತ್ತಾದದ್ದೂ ಫೆಬ್ರುವರಿ 28ರಂದೇ? ಏಪ್ರಿಲ್ 25 ಎಂದೂ ಓದಿದ್ದೇವೆ.

ಎರಡೂ ಸರಿ, ಬೇರೆ ಬೇರೆ ಸಂಗತಿಗಳಿಗೆ. 1953ರ ಫೆಬ್ರುವರಿ 28, ಶನಿವಾರ, ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯ. ಲೋಹದ ಮಾದರಿ ತುಂಡುಗಳು ವರ್ಕ್‌ಶಾಪಿನಿಂದ ಬಂದಿರಲಿಲ್ಲವಾದ್ದರಿಂದ ಜೇಮ್ಸ್ ವಾಟ್ಸನ್ ರಟ್ಟಿನಲ್ಲಿ ಡಿಎನ್‌ಎಯ ಘಟಕಗಳಾದ ನಾಲ್ಕು ಪ್ರತ್ಯಾಮ್ಲಗಳ ಆಕಾರ ಕತ್ತರಿಸಿಕೊಂಡು ಮೇಜಿನ ಮೇಲೆ ಜೋಡಿಸುತ್ತಿದ್ದರು. ಪಠ್ಯಪುಸ್ತಕಗಳಲ್ಲಿದ್ದ ಅಣುರೂಪ ತಪ್ಪು ಎಂದು ರಸಾಯನ ವಿಜ್ಞಾನಿ ಜೆರಿ ಡೊನೊಹ್ಯು ಆಗಷ್ಟೇ ಎಚ್ಚರಿಸಿದ್ದರು. ತಿದ್ದಿದ ಆಕಾರಗಳನ್ನು ಜೋಡಿಸಿದಾಗ ಅಡೆನಿನ್-ಥೈಮಿನ್ ಜೋಡಿಯೂ ಗ್ವಾನಿನ್-ಸೈಟೊಸಿನ್ ಜೋಡಿಯೂ ಒಂದೇ ಅಗಲಕ್ಕೆ ಕೂತವು. ಏಣಿಯ ಮೆಟ್ಟಿಲುಗಳೆಲ್ಲ ಸಮ ಅಗಲ ಎಂದಾದ ಮೇಲೆ ಜೋಡಿಸುರುಳಿ ಸಿದ್ಧವಾದಂತೆಯೇ. ಆ ಮಧ್ಯಾಹ್ನ ‘ಈಗಲ್’ ಪಬ್ಬಿನಲ್ಲಿ ಫ್ರಾನ್ಸಿಸ್ ಕ್ರಿಕ್ ‘ಜೀವದ ಗುಟ್ಟು ಸಿಕ್ಕಿತು’ ಎಂದು ಸಾರಿದರು ಎನ್ನುವುದು ವಾಟ್ಸನ್ ಹೇಳಿದ ಕತೆ. ಹಾಗೆ ಹೇಳಿದ ನೆನಪು ತನಗಿಲ್ಲ ಎಂದು ಕ್ರಿಕ್ ಬರೆದಿದ್ದಾರೆ. ಭಾಷಣದಲ್ಲಿ ಆ ಮಾತನ್ನು ಬಳಸುವುದಾದರೆ ಇದನ್ನೂ ಸೇರಿಸಿ.

ಏಪ್ರಿಲ್ 25 ‘ನೇಚರ್’ನಲ್ಲಿ ಪ್ರಕಟವಾದ ದಿನ. ಅಂದು ಬಂದದ್ದು ಮೂರು ಲೇಖನ: ವಾಟ್ಸನ್-ಕ್ರಿಕ್, ವಿಲ್ಕಿನ್ಸ್ ಮತ್ತು ಜೊತೆಗಾರರು, ರೊಸಾಲಿಂಡ್ ಫ್ರಾಂಕ್ಲಿನ್-ಗಾಸ್ಲಿಂಗ್. ಸುರುಳಿಗೆ ಬಲವಾದ ಸಾಕ್ಷಿಯಾದ ‘ಚಿತ್ರ 51’ ಎಂಬ ಕ್ಷಕಿರಣ ಚಿತ್ರವನ್ನು 1952ರ ಮೇ ತಿಂಗಳಲ್ಲಿ ಫ್ರಾಂಕ್ಲಿನ್ ಮಾರ್ಗದರ್ಶನದಲ್ಲಿ ಗಾಸ್ಲಿಂಗ್ ತೆಗೆದಿದ್ದರು. ಅದನ್ನು ವಾಟ್ಸನ್‌ಗೆ ತೋರಿಸಿದ ವಿಷಯ ಫ್ರಾಂಕ್ಲಿನ್‌ಗೆ ಗೊತ್ತಿರಲಿಲ್ಲ. 1958ರಲ್ಲಿ ಅವರು ತೀರಿಕೊಂಡರು, ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಅವರಿಗೆ ನೊಬೆಲ್ ಬಂದದ್ದು 1962ರಲ್ಲಿ. ಫೆಬ್ರುವರಿ 28ರ ಫಲಕದಲ್ಲಿ ಎರಡು ಹೆಸರುಗಳ ಜೊತೆ ಫ್ರಾಂಕ್ಲಿನ್ ಹೆಸರು ಇರಲೇಬೇಕು.

ಫೆಬ್ರುವರಿ 28ರಂದು ಹುಟ್ಟಿದ ವಿಜ್ಞಾನಿಗಳು ಯಾರು?

ಲೈನಸ್ ಪಾಲಿಂಗ್ (1901) ಮೊದಲು. ಯಾರ ಜೊತೆಗೂ ಹಂಚಿಕೊಳ್ಳದ ಎರಡು ನೊಬೆಲ್ ಪಡೆದ ಒಬ್ಬರೇ ವ್ಯಕ್ತಿ ಅವರು: ರಸಾಯನ ವಿಜ್ಞಾನಕ್ಕೆ 1954, ಶಾಂತಿಗೆ 1962. ಡಿಎನ್‌ಎ ಓಟದಲ್ಲಿ ಅವರೂ ಇದ್ದರು. 1953ರ ಆರಂಭದಲ್ಲಿ ಮೂರು ಎಳೆಗಳ ಸುರುಳಿಯೊಂದನ್ನು ಪ್ರಕಟಿಸಿದರು, ಫಾಸ್ಫೇಟ್‌ಗಳನ್ನು ಒಳಗಿಟ್ಟು. ಅದು ತಪ್ಪಾಗಿತ್ತು. ಸರಿಯಾದ ಜೋಡಣೆ ಕೇಂಬ್ರಿಜ್‌ನ ಮೇಜಿನ ಮೇಲೆ ಕೂತದ್ದು ಪಾಲಿಂಗ್ ಅವರ 52ನೆಯ ಹುಟ್ಟುಹಬ್ಬದ ದಿನವೇ.

ಉಳಿದವರು: 80 ಡಿಗ್ರಿಯ ಉಷ್ಣತಾಮಾಪಕದ ರೆಯೊಮ್ಯೂರ್ (1683), ಕಾರ್ಟಿಸೋನ್ ಚಿಕಿತ್ಸೆಯ ಫಿಲಿಪ್ ಹೆಂಚ್ (1896), ಅತಿವಾಹಕತೆಯ ‘ಕೂಪರ್ ಜೋಡಿ’ಯ ಲಿಯಾನ್ ಕೂಪರ್ (1930), ಲೇಸರಿನಿಂದ ಪರಮಾಣುಗಳನ್ನು ತಣಿಸಿದ ಸ್ಟೀವನ್ ಚು (1948).

ಡಿಎನ್‌ಎಯನ್ನು ತರಗತಿಯಲ್ಲಿ ತೋರಿಸಬಹುದೇ?

ಬಾಳೆಹಣ್ಣಿನಿಂದ ತೆಗೆದು ತೋರಿಸಬಹುದು. 100 ಮಿ.ಲೀ. ನೀರಿಗೆ ಅರ್ಧ ಚಮಚ ಉಪ್ಪು, 2 ಚಮಚ ಪಾತ್ರೆ ತೊಳೆಯುವ ದ್ರವ ಹಾಕಿ ನೊರೆ ಬರದಂತೆ ಕಲಕಿ. ಹಣ್ಣಾದ ಬಾಳೆಹಣ್ಣಿನ ಅರ್ಧ ಭಾಗವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಿವುಚಿ ಅದಕ್ಕೆ ಈ ದ್ರವ ಸೇರಿಸಿ 5 ನಿಮಿಷ ಮೆತ್ತಗೆ ಆಡಿಸಿ. ತೆಳು ಬಟ್ಟೆಯಲ್ಲಿ ಸೋಸಿ, ಗಾಜಿನ ಲೋಟಕ್ಕೆ ಎರಡು ಬೆರಳೆತ್ತರ ಹಾಕಿ. ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್ಟನ್ನು ಐಸ್ ತುಂಬಿದ ಪಾತ್ರೆಯಲ್ಲಿ ಅರ್ಧ ಗಂಟೆ ಇಟ್ಟು, ಲೋಟವನ್ನು ಓರೆ ಮಾಡಿ ಒಳಗೋಡೆಯ ಗುಂಟ ಅಷ್ಟೇ ಅಳತೆ ಸುರಿಯಿರಿ. ಎರಡು ಪದರ ಸೇರುವಲ್ಲಿ 5–10 ನಿಮಿಷಕ್ಕೆ ಬಿಳಿ ಲೋಳೆಯಂಥ ಎಳೆಗಳು ಮೇಲೇಳುತ್ತವೆ. ಕಡ್ಡಿಗೆ ಸುತ್ತಿ ಎತ್ತಿ.

ಸಾಬೂನು ಜೀವಕೋಶದ ಪೊರೆ ಕರಗಿಸುತ್ತದೆ, ಉಪ್ಪು ಡಿಎನ್‌ಎ ಎಳೆಗಳು ಒಂದನ್ನೊಂದು ದೂಡದೆ ಗುಂಪಾಗಲು ನೆರವಾಗುತ್ತದೆ, ತಣ್ಣನೆಯ ಆಲ್ಕೋಹಾಲಿನಲ್ಲಿ ಡಿಎನ್‌ಎ ಕರಗದೆ ಹೊರಬರುತ್ತದೆ. ಸ್ಪಿರಿಟ್ ತಣ್ಣಗಿಲ್ಲದಿದ್ದರೆ ಇಳುವರಿ ಕಡಿಮೆ. ಮಿಕ್ಸಿಯಲ್ಲಿ ಜೋರಾಗಿ ರುಬ್ಬಿದರೆ ಎಳೆಗಳು ತುಂಡಾಗುತ್ತವೆ. ಜೆಲ್ ಸ್ಯಾನಿಟೈಸರ್ ನಡೆಯುವುದಿಲ್ಲ. ಸ್ಪಿರಿಟ್ ಹತ್ತಿರ ದೀಪ, ಗ್ಯಾಸ್ ಬೇಡ. ಬಂದ ಲೋಳೆಯಲ್ಲಿ ಆರ್‌ಎನ್‌ಎ, ಪೆಕ್ಟಿನ್ ಕೂಡ ಬೆರೆತಿರುತ್ತದೆ. ಸುರುಳಿ ಅದರಲ್ಲಿ ಕಾಣುವುದಿಲ್ಲ, ಅದರ ಅಗಲ 2 ನ್ಯಾನೊಮೀಟರ್ ಮಾತ್ರ.

ನೈಲಾನ್ ಹುಟ್ಟಿದ್ದೂ ಫೆಬ್ರುವರಿ 28ರಂದೇ?

ಅದೂ ಇದೇ ದಿನ, 1935ರಲ್ಲಿ. ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವಾಲೆಸ್ ಕರೋದರ್ಸ್ ತಂಡ ಹೆಕ್ಸಾಮಿಥಿಲೀನ್ ಡೈಅಮೀನ್ ಮತ್ತು ಅಡಿಪಿಕ್ ಆಮ್ಲ ಸೇರಿಸಿ ‘6-6’ ಎಂಬ ಪಾಲಿಮರ್ ಮಾಡಿತು. ಎರಡರಲ್ಲೂ ಆರಾರು ಇಂಗಾಲದ ಪರಮಾಣುಗಳಿರುವುದರಿಂದ ಆ ಹೆಸರು. ಲೋಕಕ್ಕೆ ಘೋಷಿಸಿದ್ದು 1938ರ ಅಕ್ಟೋಬರ್‌ನಲ್ಲಿ, ಕರೋದರ್ಸ್ ಅಷ್ಟರಲ್ಲಿ ತೀರಿಕೊಂಡಿದ್ದರು. ಹಲ್ಲುಜ್ಜುವ ಬ್ರಷ್ 1938ರಲ್ಲಿ, ಕಾಲುಚೀಲಗಳು 1940ರ ಮೇ ತಿಂಗಳಲ್ಲಿ ಮಾರುಕಟ್ಟೆಗೆ ಬಂದವು. ಬೀಕರಿನಿಂದ ನೈಲಾನ್ ದಾರ ಎಳೆಯುವ ಪ್ರದರ್ಶನ ಬೇರೆ ರಾಸಾಯನಿಕಗಳಿಂದ ಮಾಡುವಂಥದ್ದು. ಅದರಲ್ಲಿ ಕಣ್ಣು, ಚರ್ಮ ಸುಡುವ ಆಸಿಡ್ ಕ್ಲೋರೈಡ್ ಇರುವುದರಿಂದ ಕಾಲೇಜು ಪ್ರಯೋಗಾಲಯಕ್ಕೆ ಬಿಡಿ.

ಒಂದೇ ಘಟನೆಗೆ ಎರಡು ತಾರೀಖು ಸಿಕ್ಕರೆ ಯಾವುದನ್ನು ಬರೆಯಬೇಕು?

ಮೊದಲು ಕಾರಣ ಹುಡುಕಿ. ಸಾಮಾನ್ಯವಾಗಿ ಮೂರರಲ್ಲಿ ಒಂದಿರುತ್ತದೆ.

ಪ್ರಯೋಗ ಮತ್ತು ಪ್ರಕಟಣೆಯ ದಿನ ಬೇರೆಯಾಗಿರುವುದು ಒಂದು. ಮೇಲೆ ನೋಡಿದ ರಾಮನ್, ಡಿಎನ್‌ಎ, ನೈಲಾನ್ ಮೂರೂ ಅಂಥವೇ.

ಎರಡನೆಯದು ಕಾಲವಲಯ. ‘ಡಿಸ್ಕವರರ್ 1’ ಉಪಗ್ರಹವನ್ನು ಧ್ರುವಕಕ್ಷೆಗೆ ಸೇರಿಸಲೆಂದು ಅಮೆರಿಕ 1959ರ ಫೆಬ್ರುವರಿ 28ರಂದು ಕ್ಯಾಲಿಫೋರ್ನಿಯದಿಂದ ಹಾರಿಸಿತು. ಗ್ರೀನಿಚ್ ಸಮಯ ರಾತ್ರಿ 9:49. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮಲ್ಲಿ ಮಾರ್ಚ್ 1ರ ಬೆಳಗಿನ ಜಾವ 3:19. ಘಟನೆ ನಡೆದ ಸ್ಥಳದ ತಾರೀಖು ಬರೆಯುವುದು ರೂಢಿ. (ಅದು ಕಕ್ಷೆ ಸೇರಲಿಲ್ಲ, ದಕ್ಷಿಣ ಧ್ರುವದ ಸುತ್ತಮುತ್ತ ಬಿದ್ದಿರಬೇಕೆಂದು ಈಗ ಬಹುಮಂದಿ ನಂಬುತ್ತಾರೆ. ಅದು ‘ಕೊರೋನಾ’ ಎಂಬ ಗುಪ್ತಚರ ಯೋಜನೆಯ ಮೊದಲ ಹಾರಾಟ ಎಂಬುದು ಅಧಿಕೃತವಾಗಿ ಹೊರಬಿದ್ದದ್ದು 1995ರಲ್ಲಿ.)

ಮೂರನೆಯದು ಹಳೆಯ (ಜೂಲಿಯನ್), ಹೊಸ (ಗ್ರೆಗೋರಿಯನ್) ಕ್ಯಾಲೆಂಡರ್. ಮೆಂಡಲೀವ್ ಆವರ್ತ ಕೋಷ್ಟಕ 1869ರ ಫೆಬ್ರುವರಿ 17 ಎಂದರೆ ಆಗಿನ ರಷ್ಯದ ಲೆಕ್ಕ. 19ನೆಯ ಶತಮಾನದಲ್ಲಿ ಅಂತರ 12 ದಿನ, ಹಾಗಾಗಿ ನಮ್ಮ ಲೆಕ್ಕಕ್ಕೆ ಮಾರ್ಚ್ 1. ಇಲ್ಲಿ 13 ಸೇರಿಸಿ ಮಾರ್ಚ್ 2 ಎಂದು ಬರೆಯುವ ತಪ್ಪು ಆಗುತ್ತಿರುತ್ತದೆ. 13 ದಿನದ ಅಂತರ 1900ರ ನಂತರದ್ದು. ‘ಗೆಲಿಲಿಯೊ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದ’ ಎನ್ನುವ ಜನಪ್ರಿಯ ಮಾತೂ ಇದೇ ಗೊಂದಲದ ಕೂಸು. ಗೆಲಿಲಿಯೊ ತೀರಿಕೊಂಡದ್ದು ಹೊಸ ಲೆಕ್ಕದ 1642ರ ಜನವರಿ 8. ನ್ಯೂಟನ್ ಹುಟ್ಟಿದ 1642ರ ಡಿಸೆಂಬರ್ 25 ಇಂಗ್ಲೆಂಡಿನ ಹಳೆಯ ಲೆಕ್ಕ, ಹೊಸದರಲ್ಲಿ 1643ರ ಜನವರಿ 4.

ರಾಷ್ಟ್ರೀಯ ವಿಜ್ಞಾನ ದಿನ ಯಾವಾಗಿನಿಂದ?

ರಾಷ್ಟ್ರೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂವಹನ ಮಂಡಳಿ 1986ರಲ್ಲಿ ಕೋರಿಕೆ ಸಲ್ಲಿಸಿತು, ಮೊದಲ ಆಚರಣೆ 1987ರ ಫೆಬ್ರುವರಿ 28ರಂದು. ಪ್ರತಿ ವರ್ಷ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಒಂದು ಆಶಯವಾಕ್ಯ ಪ್ರಕಟಿಸುತ್ತದೆ. ಹಿಂದಿನ ವರ್ಷದ ಬ್ಯಾನರ್ ಹಾಗೇ ಕಟ್ಟುವ ಮುನ್ನ ಅದನ್ನು ನೋಡಿಕೊಳ್ಳಿ. ಇದನ್ನು ಮೇ 11ರ ತಂತ್ರಜ್ಞಾನ ದಿನ, ಆಗಸ್ಟ್ 23ರ ಬಾಹ್ಯಾಕಾಶ ದಿನ, ಡಿಸೆಂಬರ್ 22ರ ಗಣಿತ ದಿನಗಳ ಜೊತೆ ಬೆರೆಸಬೇಡಿ.

2028ಕ್ಕೆ ಈಗಿನಿಂದಲೇ ಸಿದ್ಧತೆ ಮಾಡಬೇಕೇ?

ಖಂಡಿತ. 2028ರ ಫೆಬ್ರುವರಿ 28, ಸೋಮವಾರ, ರಾಮನ್ ಪರಿಣಾಮಕ್ಕೆ 100 ವರ್ಷ, ಡಿಎನ್‌ಎ ಜೋಡಣೆಗೆ 75 ವರ್ಷ. 1928ರಂತೆ 2028 ಕೂಡ ಅಧಿಕ ವರ್ಷವಾದ್ದರಿಂದ ಸುದ್ದಿಸಂಸ್ಥೆಗೆ ತಿಳಿಸಿದ ಫೆಬ್ರುವರಿ 29ರ ಶತಮಾನವೂ ಕ್ಯಾಲೆಂಡರಿನಲ್ಲೇ ಸಿಗುತ್ತದೆ. ಬೆಂಗಳೂರಿನ ಉಪನ್ಯಾಸದ ನೂರನೆಯ ವರ್ಷ ಮಾರ್ಚ್ 16, ಗುರುವಾರ.

ತೊಡಕು ಒಂದೇ: ಅದು ಪರೀಕ್ಷೆಯ ಕಾಲ. ಎಸ್ಸೆಸ್ಸೆಲ್ಸಿ, ಪಿಯು ಮಕ್ಕಳನ್ನು ಆಗ ಎಳೆಯುವುದು ಸರಿಯಲ್ಲ. ರೋಹಿತದರ್ಶಕ ತಯಾರಿ, ಫಲಕಗಳ ಕೆಲಸವನ್ನು ಜನವರಿಯೊಳಗೆ ಮುಗಿಸಿ, 28ರ ಪ್ರದರ್ಶನದ ಹೊಣೆಯನ್ನು 8 ಮತ್ತು 9ನೆಯ ತರಗತಿಗೆ ಕೊಡಿ. ಸಿಎಫ್‌ಎಲ್‌ಗಳನ್ನು ಈಗಲೇ ಎತ್ತಿಡಿ. ಆ ಹೊತ್ತಿಗೆ ಅಂಗಡಿಯಲ್ಲಿ ಸಿಗುವುದು ಕಷ್ಟ.